ನಾಜಿ ಕಾಲದ ನೇಯ್ದ ಬ್ಯಾಡ್ಜು: ಅಸಲಿ ಯಾವ್ದು, ನಕಲಿ ಯಾವ್ದು? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಹಳೇ ಬಟ್ಟೆ ಬ್ಯಾಡ್ಜು ನೋಡೋ ಹುಚ್ಚಿನವನು ಅಂತ ಗೊತ್ತಿರೋರೆಲ್ಲ ಫೋಟೋ ಕಳಿಸಿ ಅದದೇ ಕೇಳ್ತಾರೆ, ಆನ್‌ಲೈನಲ್ಲಿ ಸಿಕ್ತು, ಹಿಟ್ಲರ್ ಕಾಲದ್ದಂತೆ, ಹೌದಾ ಅಂತ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳೋದು ಸಾಕಾಗಿ ಒಂದೇ ಸಲ ಬರೀತಿದೀನಿ. ಲೋಹದ ಮೆಡಲ್ಲು, ಚಾಕು, ಹೆಲ್ಮೆಟ್ಟು ನನ್ನ ಸಬ್ಜೆಕ್ಟ್ ಅಲ್ಲ, ಇಲ್ಲಿರೋದು ಬಟ್ಟೆ ವಿಷ್ಯ ಮಾತ್ರ.

ಬೀವೋ, ಬೀವೋ ಅಂತಾರಲ್ಲ, ಏನದು?

ಒಂದು ಕಂಪನಿ ಹೆಸರು. ಬಾಂಡ್‌ಫಾಬ್ರಿಕ್ ಏವಾಲ್ಟ್ ಫೋರ್‌ಷ್ಟೇಹರ್, ಅಂದ್ರೆ ಫೋರ್‌ಷ್ಟೇಹರ್ ಅವರ ಪಟ್ಟಿ ನೇಯೋ ಕಾರ್ಖಾನೆ. ಜರ್ಮನಿಯ ವುಪ್ಪರ್ಟಾಲ್ ಊರು. ಆ ಊರಿನ ಬಾರ್ಮೆನ್ ಭಾಗ ಮೊದಲಿಂದಲೂ ರಿಬ್ಬನ್ನು, ಲೇಸು, ಲೇಬಲ್ಲು ನೇಯೋದಕ್ಕೇ ಹೆಸರುವಾಸಿ, ನಮ್ಮಲ್ಲಿ ಸೀರೆ ಅಂದ್ರೆ ಇಳಕಲ್ ಅಂತೀವಲ್ಲ ಹಾಗೆ. ಜರ್ಮನ್ನರು ಬಾಯಲ್ಲಿ ಬೇಫೋ ಅಂತಾರೆ, ಮಿಕ್ಕವರೆಲ್ಲ ಬೀವೋ. ಝೆರಾಕ್ಸ್ ಅನ್ನೋದು ಕಂಪನಿ ಹೆಸರಾದ್ರೂ ಎಲ್ಲಾ ಕಾಪಿಗೂ ಝೆರಾಕ್ಸ್ ಅಂತೀವಲ್ಲ, ಅದೇ ಥರ ಮಗ್ಗದಲ್ಲಿ ನೇಯ್ದ ಯಾವ ಜರ್ಮನ್ ಬ್ಯಾಡ್ಜಿಗೂ ಈಗ ಬೀವೋ ಅನ್ನೋದು ರೂಢಿ ಆಗಿದೆ. ಬೇರೆ ಕಾರ್ಖಾನೆಗಳೂ ನೇಯ್ತಿದ್ವು, ಅದಕ್ಕೆ ಮಾರೋನು "ಬೀವೋ" ಅಂದಾಗ ಅದು ನೇಯ್ಗೆ ಬಗ್ಗೆ ಹೇಳಿದ ಮಾತು, ಫ್ಯಾಕ್ಟರಿ ಬಗ್ಗೆ ಅಲ್ಲ ಅಂತ ತಿಳ್ಕೊಳ್ಳಿ.

ನೇಯ್ತಿದ್ದದ್ದು ಜಕಾರ್ಡ್ ಮಗ್ಗದಲ್ಲಿ. 1804ರಲ್ಲಿ ಫ್ರಾನ್ಸಿನ ಲಿಯಾನ್ ಊರಿನ ಜಕಾರ್ಡ್ ಮಾಡಿದ್ದು, ತೂತು ಹೊಡೆದ ರಟ್ಟಿನ ಕಾರ್ಡು ಒಂದಾದ ಮೇಲೊಂದು ಹೋಗ್ತಾ ಇರುತ್ತೆ, ಯಾವ ಹಾಸು ನೂಲು, ಅಂದ್ರೆ ಉದ್ದಕ್ಕಿರೋ ಎಳೆ, ಮೇಲೇಳ್ಬೇಕು ಅಂತ ಕಾರ್ಡು ಹೇಳುತ್ತೆ. ನೇಕಾರರ ಮನೇಲಿ ಹುಟ್ಟಿದವರಿಗೆ ಇದನ್ನ ನಾನು ಹೇಳ್ಬೇಕಾಗಿಲ್ಲ.

ನೇಯ್ದಿದ್ದಕ್ಕೂ ಕಸೂತಿ ಮಾಡಿದ್ದಕ್ಕೂ ಹೇಗೆ ವ್ಯತ್ಯಾಸ ಹಿಡಿಯೋದು?

ತಿರುಗಿಸಿ ನೋಡಿ. ಕಸೂತಿ ಅಂದ್ರೆ ಬಟ್ಟೆ ಮೊದಲೇ ಇದೆ, ಅದರ ಮೇಲೆ ದಾರ ಚುಚ್ಚಿದಾರೆ, ಮುಟ್ಟಿದ್ರೆ ಚಿತ್ರ ಉಬ್ಬಿರುತ್ತೆ, ಹಿಂದೆ ಬಾಬಿನ್ ದಾರ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದ ದಾರ, ಬೆಂಬಲಕ್ಕೆ ಪೇಪರ್ರೋ ಬಕ್ರಮ್ಮೋ ಇರುತ್ತೆ. ನೇಯ್ದದ್ದು ತೆಳ್ಳಗೆ, ಚಪ್ಪಟೆ, ಯಾಕಂದ್ರೆ ಬಟ್ಟೆ ಮತ್ತು ಚಿತ್ರ ಎರಡೂ ಒಟ್ಟಿಗೇ ಹುಟ್ಟಿರೋದು, ಸ್ವಸ್ತಿಕ ಹಿಡಿದ ಹದ್ದು, ಅಂದ್ರೆ ನಾಜಿ ಪಾರ್ಟಿಯ ಲಾಂಛನ, ಹಾಸು ಹೊಕ್ಕಲ್ಲೇ ಬಂದಿರುತ್ತೆ. ಹಿಂದೆ ಹೊಕ್ಕಿನ ನೂಲು ಅಡ್ಡಡ್ಡ ಸಾಲಾಗಿ ಓಡಿರುತ್ತೆ, ಚಿತ್ರದ ನೆಗೆಟಿವ್ ಥರ ಕಾಣುತ್ತೆ.

ಇನ್ನೊಂದು ಮಾತು. ಕಸೂತಿ ಅಂದ ತಕ್ಷಣ ನಕಲಿ ಅಲ್ಲ. ಲುಫ್ಟ್‌ವಾಫೆ, ಅಂದ್ರೆ ವಾಯುಸೇನೆಯ ಹದ್ದು ಬಹುತೇಕ ಕಸೂತಿಯದ್ದೇ. ಬೆಟ್ಟದ ದಳದವರ ಎಡೆಲ್‌ವೈಸ್ ಹೂವಿನ ತೋಳಿನ ಬ್ಯಾಡ್ಜು, 1939ರಲ್ಲಿ ಬಂದಿದ್ದು, ನೇಯ್ದದ್ದೂ ಇದೆ ಕಸೂತಿದೂ ಇದೆ. ಆದ್ರೆ "ಬೀವೋ ಹದ್ದು" ಅಂತ ಮಾರ್ತಾ ಇದ್ದು, ಹಿಂದೆ ನೋಡಿದ್ರೆ ಕಂಪ್ಯೂಟರ್ ಎಂಬ್ರಾಯ್ಡರಿ ಇದ್ರೆ ಅಲ್ಲಿಗೆ ಕಥೆ ಮುಗೀತು. ಸುತ್ತ ದಪ್ಪಗೆ ಓವರ್‌ಲಾಕ್ ಹೊಡೆದ ಅಂಚು, ಹಿಂದೆ ಇಸ್ತ್ರಿ ಹಾಕಿದ್ರೆ ಅಂಟೋ ಗಮ್ಮು ಇದ್ರಂತೂ ಯೋಚ್ನೇನೇ ಮಾಡ್ಬೇಡಿ, ಅದು ಬೈಕ್ ಜಾಕೆಟ್ಟಿಗೆ ಹಾಕೋ ಪ್ಯಾಚು.

ನೀವು ಮೊದಲು ಏನು ನೋಡ್ತೀರಿ?

ಅಂಚು. ಇದನ್ನ ನಂಗೆ ಕಲಿಸಿದ್ದು ಯಾವ ಎಕ್ಸ್‌ಪರ್ಟೂ ಅಲ್ಲ, ನಮ್ಮ ಅಜ್ಜ.

ಬೆಲ್ಜಿಯಂಗೆ ಕೆಲಸದ ಮೇಲೆ ಹೋದಾಗ ಭಾನುವಾರದ ಹಳೇ ಸಾಮಾನಿನ ಸಂತೇಲಿ ಒಬ್ಬನ ಹತ್ರ ಆಫ್ರಿಕಾಕೋರ್, ಅಂದ್ರೆ ಉತ್ತರ ಆಫ್ರಿಕಾದಲ್ಲಿದ್ದ ಜರ್ಮನ್ ದಳದ ತೋಳುಪಟ್ಟಿ ತಗೊಂಡೆ, 60 ಯೂರೋ. ಅವನ ತಾತಂಗೆ ಯಾವನೋ ಸೆರೆಸಿಕ್ಕ ಜರ್ಮನ್ ಕೊಟ್ಟಿದ್ದು ಅಂತ ಕಥೆ, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಊರಿಗೆ ಹೋದಾಗ ಹೆಮ್ಮೆಯಿಂದ ಅಜ್ಜಂಗೆ ತೋರಿಸ್ದೆ, ಅವರು ಗುಳೇದಗುಡ್ಡದಲ್ಲಿ ಖಣ ನೇಯ್ದು ಬದುಕಿದವರು, ಕಣ್ಣು ಆಗ್ಲೇ ಮಂಜು. ಚಿತ್ರ ನೋಡ್ಲೇ ಇಲ್ಲ. ಹೆಬ್ಬೆರಳಿನ ಉಗುರು ಪಟ್ಟಿ ಬದಿಗುಂಟ ಎಳೆದ್ರು, ಕರ್ ಅಂತ ಸದ್ದು ಬಂತು. "ಇದಕ್ಕ ಅಂಚ ಎಲ್ಲೈತೋ ತಮ್ಮಾ? ಅಗಲ ಬಟ್ಟಿ ನೇದು ಕಾಯಿಸಿ ಕೊಯ್ದಾರ ಇದನ್ನ" ಅಂದ್ರು. ಲೆನ್ಸ್ ಹಿಡಿದು ನೋಡ್ತೀನಿ, ಬದಿ ಪೂರ್ತಿ ಕರಗಿ ಗಟ್ಟಿಯಾದ ಪ್ಲಾಸ್ಟಿಕ್ ಗೆರೆ, ನಮ್ಮ ಶರ್ಟಿನ ಕಾಲರ್ ಒಳಗೆ ಕುತ್ತಿಗೆ ಚುಚ್ಚುತ್ತಲ್ಲ ಆ ಲೇಬಲ್ ಥರಾನೇ. ಅದೇ ಟೆಕ್ನಾಲಜಿ ಅದು. ಈಗಿನ ಲೇಬಲ್ಲು ಪಾಲಿಯೆಸ್ಟರಲ್ಲಿ ಅಗಲವಾಗಿ ನೇಯ್ದು ಬಿಸಿ ತಂತಿಯಲ್ಲಿ ಪಟ್ಟಿ ಪಟ್ಟಿಯಾಗಿ ಸೀಳ್ತಾರೆ.

ಆಗಿನ ಲಾಳಿ ಮಗ್ಗದ ಪಟ್ಟೀಲಿ ಹೊಕ್ಕಿನ ನೂಲು ಈ ತುದಿಗೆ ಬಂದು ತಿರುಗಿ ಮತ್ತೆ ಒಳಗೆ ಹೋಗಿರುತ್ತೆ, ಸೀರೆ ಅಂಚಿನ ಹಾಗೆ, ಎರಡೂ ಬದೀಲಿ ಒಂದೇ ಥರ. ಈಗಿನ ಸೂಜಿ ಮಗ್ಗದಲ್ಲಿ ನೇಯ್ದ ರಿಬ್ಬನ್ ಆದ್ರೆ ಒಂದು ಬದಿ ಚೆನ್ನಾಗೇ ಇರುತ್ತೆ, ಇನ್ನೊಂದು ಬದೀಲಿ ಹೆಣೆದ ಹಾಗೆ ಸಣ್ಣ ಸರಪಳಿ ಕಾಣುತ್ತೆ. ಎರಡೂ ಬದಿ ಪಕ್ಕಪಕ್ಕ ಇಟ್ಟು ನೋಡಿ, ಬೇರೆ ಬೇರೆ ಇದ್ರೆ ಅನುಮಾನ ಪಡಿ. ಎದೆ ಮೇಲಿನ ಹದ್ದು ಉದ್ದ ಪಟ್ಟಿಯಲ್ಲಿ ಸಾಲಾಗಿ ನೇಯ್ದು ಆಮೇಲೆ ಒಂದೊಂದೇ ಕತ್ತರಿಸಿದ್ದು, ಹಾಗಾಗಿ ಅದರಲ್ಲಿ ಕತ್ತರಿ ಬಿದ್ದ ಬದಿ ಇದ್ದೇ ಇರುತ್ತೆ, ಅದು ಪರವಾಗಿಲ್ಲ, ಆದ್ರೆ ಕತ್ತರಿಸಿದ ಕಡೆ ನೂಲು ಮೆತ್ತಗೆ ಬಿಚ್ಕೋಬೇಕು, ಕರಗಿ ಅಂಟಿರಬಾರ್ದು.

ಹದ್ದಿನ ಬಣ್ಣ ಒಂದೊಂದರಲ್ಲಿ ಒಂದೊಂದು ಥರ ಇದೆ, ಯಾವ್ದು ಸರಿ?

ಎಲ್ಲಾನೂ ಸರಿ ಇರ್ಬಹುದು, ಕಾಲ ನೋಡ್ಬೇಕು. ಸೇನೆಯ ಯೂನಿಫಾರ್ಮಿಗೆ ಪಾರ್ಟಿಯ ಹದ್ದು ಹಾಕ್ಬೇಕು ಅಂತ ಆದೇಶ ಬಂದಿದ್ದು 1934ರ ಫೆಬ್ರವರೀಲಿ, ರಕ್ಷಣಾ ಮಂತ್ರಿ ಬ್ಲೋಂಬರ್ಗ್ ಕಾಲದಲ್ಲಿ. ಬಲ ಎದೆ ಮೇಲೆ. ನಾಜಿ ಪಾರ್ಟಿಯದೇ ಸಶಸ್ತ್ರ ಪಡೆ ಎಸ್ಎಸ್‌ನವರದ್ದು ಎಡ ತೋಳಿನ ಮೇಲೆ, ಇದು ನೆನಪಿಟ್ಕೊಳ್ಳಿ, ಸಿನಿಮಾದಲ್ಲೂ ತಪ್ಪು ಮಾಡ್ತಾರೆ. ಮೊದಮೊದಲು ಗಾಢ ಹಸಿರು ನೆಲದ ಮೇಲೆ ಬಿಳಿ ಅಥವಾ ಬೆಳ್ಳಿ ಬೂದು ಹದ್ದು, ನೋಡೋಕೆ ಚಂದ. ಯುದ್ಧ ಶುರುವಾದ ಮೇಲೆ ಬಿಳಿ ದೂರದಿಂದ್ಲೇ ಕಾಣುತ್ತೆ ಅಂತ ಇಲಿ ಬೂದು ಬಣ್ಣ ಬಂತು, 1940ರಿಂದ ಹಿಂದಿನ ನೆಲಾನೂ ಯೂನಿಫಾರ್ಮಿನ ಬೂದುಹಸಿರಿಗೇ ಹೋಯ್ತು. ಉತ್ತರ ಆಫ್ರಿಕಾಗೆ ಕಂದು ನೆಲ, ತಿಳಿ ನೀಲಿ ಹದ್ದು. ಕೊನೆಗಾಲದಲ್ಲಿ ಹದ್ದಿನ ಆಕಾರಕ್ಕೆ ಮಡಚಿ ಹೊಲಿಯೋಕೂ ಪುರುಸೊತ್ತಿಲ್ದೆ ತ್ರಿಕೋನ ಬಟ್ಟೆ ಮೇಲೆ ಹದ್ದು ನೇಯ್ದು ಹಾಗೇ ಟಪಕ್ ಅಂತ ಹೊಲಿದುಬಿಡೋರು.

ಆಫೀಸರುಗಳದ್ದು ಬೇರೆ, ಅಲ್ಯೂಮಿನಿಯಂ ಚಪ್ಪಟೆ ತಂತಿಯಲ್ಲಿ ನೇಯ್ದದ್ದು. ಒಂದು ಥರ ಅಲ್ಯೂಮಿನಿಯಂ ಜರಿ ಅನ್ನಿ. ಅಸಲಿ ಕಾಲಕ್ರಮೇಣ ಮಂಕಾಗಿ ಸೀಸದ ಬಣ್ಣಕ್ಕೆ ತಿರುಗುತ್ತೆ. ನಕಲಿಯಲ್ಲಿ ಇರೋದು ಪ್ಲಾಸ್ಟಿಕ್ ಜರಿ, ಐವತ್ತು ವರ್ಷ ಆದ್ರೂ ಮದುವೆ ಮಂಟಪದ ಥರ ಮಿಂಚ್ತಾನೇ ಇರುತ್ತೆ. ಸೀರೆ ಅಂಗಡೀಲಿ ಜರಿ ನೋಡಿ ಮೂಗು ಮುರಿಯೋ ನಮ್ಮಮ್ಮಂದಿರಿಗೆ ಇದು ಒಂದು ಸೆಕೆಂಡ್ ಕೆಲಸ.

ಯುವಿ ಟಾರ್ಚಲ್ಲಿ ಹೊಳೆದ್ರೆ ನಕಲಿ, ಹೊಳೀದಿದ್ರೆ ಅಸಲಿ, ಕರೆಕ್ಟಾ?

ಅರ್ಧ ಕರೆಕ್ಟು. ಬಿಳಿ ಬಟ್ಟೆ ನೀಲಿಯಾಗಿ ಹೊಳೆಯೋದು ಆಪ್ಟಿಕಲ್ ಬ್ರೈಟ್ನರ್ ಅನ್ನೋ ಕೆಮಿಕಲ್‌ನಿಂದ. ಅದು ಸೋಪಿನ ಪುಡಿಗೂ ನೂಲಿಗೂ ಎಲ್ಲಾ ಕಡೆ ಸೇರ್ಕೊಂಡಿದ್ದು ಯುದ್ಧ ಮುಗಿದ ಮೇಲೆ. ಅದಕ್ಕೇ ನೂಲು ಬುಡದಿಂದ ಧಗಧಗ ಅಂತ ಹೊಳೆದ್ರೆ ಅನುಮಾನ ಸರಿ. ಆದ್ರೆ ಎರಡು ಕಡೆ ಮೋಸ ಹೋಗ್ತೀರಿ. ಯಾರೋ ಅಜ್ಜಿ 1970ರಲ್ಲಿ ಆ ಯೂನಿಫಾರ್ಮನ್ನ ವಾಷಿಂಗ್ ಪೌಡರ್ ಹಾಕಿ ಒಗೆದಿದ್ರೆ ಅಸಲಿ ಕೂಡ ಹೊಳೆಯುತ್ತೆ. ಇನ್ನು ನಕಲಿ ಮಾಡೋರೇನು ದಡ್ಡರಾ, ಅವರ ಹತ್ರಾನೂ ಯುವಿ ಟಾರ್ಚ್ ಇದೆ, ಬ್ರೈಟ್ನರ್ ಇಲ್ಲದ ನೂಲೇ ತರಿಸ್ತಾರೆ. ಹೊಳೀಲಿಲ್ಲ ಅನ್ನೋದು ಏನನ್ನೂ ಪ್ರೂವ್ ಮಾಡಲ್ಲ.

ದಾರ ಸುಟ್ಟು ನೋಡ್ಬಹುದಾ?

ನಿಮ್ಮದೇ ಆದ್ರೆ, ತಾನಾಗೇ ಬಿಚ್ಕೊಂಡಿರೋ ಎಳೆ ಇದ್ರೆ, ಒಂದೇ ಒಂದು ಎಳೆ. ಬೇರೆಯವರ ಮಾಲಿಗೆ ಲೈಟರ್ ಹಿಡ್ಕೊಂಡು ಹೋಗ್ಬೇಡಿ ಮಾರಾಯ್ರೇ, ಹಾಗೆ ಮಾಡಿ ಜಗಳ ಆಗಿದ್ದು ನೋಡಿದೀನಿ. ಆಗಿನ ನೂಲು ಹತ್ತಿ ಇಲ್ಲಾ ರೇಯಾನ್, ಅಂದ್ರೆ ಕೃತಕ ರೇಷ್ಮೆ, ಎರಡೂ ಕಾಗದ ಸುಟ್ಟ ಹಾಗೆ ಸುಡುತ್ತೆ, ಕಾಗದದ್ದೇ ವಾಸನೆ, ಮುಟ್ಟಿದ್ರೆ ಪುಡಿಯಾಗೋ ಬೂದಿ. ಪಾಲಿಯೆಸ್ಟರ್ ಆದ್ರೆ ಸುರುಟಿ ಕರಗಿ ತುದೀಲಿ ಕಪ್ಪು ಮಣಿ ಕಟ್ಟುತ್ತೆ. ಪಾಲಿಯೆಸ್ಟರ್ ನೂಲಿಗೆ ಪೇಟೆಂಟ್ ಹಾಕಿದ್ದೇ 1941ರಲ್ಲಿ, ಅದೂ ಜರ್ಮನಿಯ ಶತ್ರು ದೇಶ ಇಂಗ್ಲೆಂಡಲ್ಲಿ, ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋರು. ಮಾರ್ಕೆಟ್ಟಿಗೆ ಬಂದಿದ್ದು ಯುದ್ಧ ಆದ ಮೇಲೆ. ಅಂದ್ಮೇಲೆ ಜರ್ಮನ್ ಸೈನಿಕನ ಎದೆ ಮೇಲೆ ಪಾಲಿಯೆಸ್ಟರ್ ಹದ್ದು ಇರೋಕೆ ಚಾನ್ಸೇ ಇಲ್ಲ. ನನ್ನ 60 ಯೂರೋ ಪಟ್ಟಿಯ ಎಳೆ ಕೂಡ ಮಣೀನೇ ಕಟ್ತು.

ಇದೂ ಒಂದೇ ದಿಕ್ಕಿನ ಟೆಸ್ಟು. ಮಣಿ ಕಟ್ಟಿದ್ರೆ ನಕಲಿ ಅನ್ನೋ ಅನುಮಾನ ಗಟ್ಟಿ. ಬೂದಿ ಆದ್ರೆ ಇನ್ನೂ ನೋಡೋದಿದೆ, ಯಾಕಂದ್ರೆ ರೇಯಾನ್ ಇವತ್ತೂ ಅಂಗಡೀಲಿ ಸಿಗುತ್ತೆ.

ಬ್ಯಾಡ್ಜು ಫಳಫಳ ಹೊಸದಿದೆ. 80 ವರ್ಷದ್ದು ಹೀಗಿರುತ್ತಾ?

ಇರುತ್ತೆ. ಯುದ್ಧ ಮುಗಿದಾಗ ಗೋಡೌನುಗಳಲ್ಲಿ ಹೊಲಿಯದೇ ಉಳಿದ ಬ್ಯಾಡ್ಜು ರಾಶಿ ರಾಶಿ ಇತ್ತು, ಕತ್ತರಿಸದ ಪಟ್ಟಿಗಳು ಹಾಗೇ ಸಿಕ್ಕಿವೆ. ಸಾಮಾನ್ಯ ಸಿಪಾಯಿಯ ನೇಯ್ದ ಹದ್ದು ಅಷ್ಟೇನೂ ಅಪರೂಪ ಅಲ್ಲ, ದುಬಾರೀನೂ ಅಲ್ಲ. ಹೊಸಬರಿಗೆ ನಾನು ಹೇಳೋದು ಇದನ್ನೇ, ಶುರು ಮಾಡೋದಾದ್ರೆ ವಾಪಸ್ ತಗೊಳ್ಳೋ ಗ್ಯಾರಂಟಿ ಕೊಡೋ ಡೀಲರ್ ಹತ್ರ ಅಂಥದ್ದೊಂದು ಹದ್ದು ತಗೊಂಡು ಅದನ್ನೇ ವರ್ಷಗಟ್ಟಲೆ ತಿರುಗಿಸಿ ಮುರುಗಿಸಿ ನೋಡಿ, ಕೈಗೆ ಬಟ್ಟೆ ಅಭ್ಯಾಸ ಆಗಬೇಕು.

ಹಾಗಾದ್ರೆ ಹಳೇದಾಗಿ ಕಾಣೋದು ಒಳ್ಳೇ ಲಕ್ಷಣ ತಾನೇ?

ಅಲ್ಲಪ್ಪ, ನಂಗೆ ಭಯ ಆಗೋದೇ ಅಂಥದ್ದನ್ನ ನೋಡಿದಾಗ. ಚಹಾದಲ್ಲಿ ಅದ್ದಿ, ಕಾಫಿಯಲ್ಲಿ ಅದ್ದಿ, ಮರಳು ಕಾಗದ ಉಜ್ಜಿ, ಬಿಸಿಲಿಗೆ ಹಾಕಿ ಹಳೇದು ಮಾಡ್ತಾರೆ. ನಿಜವಾಗಿ ಬಳಸಿದ ಬಟ್ಟೆ ಎಲ್ಲಾ ಕಡೆ ಒಂದೇ ಸಮ ಹಳೇದಾಗಲ್ಲ. ಮುಂದಿನ ಕಡೆ ಬಿಸಿಲಿಗೆ ಮಾಸಿರುತ್ತೆ, ಉಬ್ಬಿದ ಜಾಗ ಸವೆದಿರುತ್ತೆ, ಮಡಿಕೆ ಒಳಗೆ, ಹಿಂಭಾಗದಲ್ಲಿ ಮೊದಲಿನ ಬಣ್ಣ ಹಾಗೇ ಗಟ್ಟಿಯಾಗಿ ಉಳಿದಿರುತ್ತೆ. ಚಹಾಕ್ಕೆ ಹಿಂದೆ ಮುಂದೆ ಭೇದ ಇಲ್ಲ, ಎಲ್ಲಾ ಕಡೆ ಒಂದೇ ಕಂದು. ಮೂಸಿ ನೋಡಿ, ತಮಾಷೆ ಅಲ್ಲ, ಒಂದ್ಸಲ ನಂಗೆ ಸಕ್ಕರೆ ಹಾಕಿದ ಚಹಾದ ವಾಸನೇನೇ ಬಂದಿತ್ತು.

ಹಿಂದೆ ಆರ್‌ಝಡ್‌ಎಂ ಚೀಟಿ ಇದೆ. ಇನ್ನೇನು ಬೇಕು?

ಆರ್‌ಝಡ್‌ಎಂ ಅಂದ್ರೆ ರೈಖ್ಸ್‌ಝೋಯ್ಗ್‌ಮೈಸ್ಟರೈ, ಮ್ಯೂನಿಕ್‌ನಲ್ಲಿದ್ದ ನಾಜಿ ಪಾರ್ಟಿಯ ಆಫೀಸು, ಪಾರ್ಟಿ ಸಂಘಟನೆಗಳ ಬಟ್ಟೆಬರೆ ಯಾರು ಮಾಡ್ಬಹುದು ಅಂತ ಲೈಸೆನ್ಸ್ ಕೊಡ್ತಿತ್ತು. ಎಸ್ಎ, ಎಸ್ಎಸ್, ಹಿಟ್ಲರ್ ಯೂತ್ ಇವರ ಮಾಲಿಗೆ ಆ ಸಣ್ಣ ಕಾಗದದ ಚೀಟಿ. ಸೇನೆ ಅದರ ಕೈಕೆಳಗೆ ಇರ್ಲಿಲ್ಲ. ಹಾಗಾಗಿ ಸೇನೆಯ ಹದ್ದಿನ ಮೇಲೆ ಆರ್‌ಝಡ್‌ಎಂ ಚೀಟಿ ಅಂಟಿದ್ರೆ ಅದು ಸರ್ಟಿಫಿಕೇಟ್ ಅಲ್ಲ, ಅಂಟಿಸಿದವನಿಗೆ ವಿಷಯ ಗೊತ್ತಿಲ್ಲ ಅನ್ನೋದಕ್ಕೆ ಸಾಕ್ಷಿ. ಕಾಗದದ ಚೀಟಿ ಪ್ರಿಂಟ್ ಹೊಡೆಯೋದು ಬಟ್ಟೆ ನೇಯೋದಕ್ಕಿಂತ ಸಾವಿರ ಪಾಲು ಸುಲಭ. ಅದರ ಮೇಲೂ ಯುವಿ ಬಿಡಿ, ಎಷ್ಟೋ ಚೀಟಿ ಆಫೀಸ್ ಪೇಪರ್ ಥರ ನೀಲಿ ಹೊಳೆಯುತ್ತೆ.

ಎಸ್ಎಸ್ ತೋಳುಪಟ್ಟಿ ತುದೀಲಿ "ಬೀವೋ ವುಪ್ಪರ್ಟಾಲ್" ಅಂತ ನೇಯ್ದಿರೋದೂ ಅಷ್ಟೇ, ಅಸಲಿಯಲ್ಲೂ ಇರುತ್ತೆ, ಕಾಪಿ ಮಾಡೋರು ಅದನ್ನೂ ಸೇರಿಸೇ ನೇಯ್ತಾರೆ. ನನ್ನ ಮಾತು ಕೇಳೋದಾದ್ರೆ ಎಸ್ಎಸ್ ಮಾಲಿನ ಹತ್ರಾನೇ ಹೋಗ್ಬೇಡಿ, ಅತಿ ಹೆಚ್ಚು ದುಡ್ಡು ಇರೋದು ಅಲ್ಲೇ, ಅದಕ್ಕೇ ಅತಿ ಹೆಚ್ಚು ನಕಲಿ ಇರೋದೂ ಅಲ್ಲೇ.

ಆಫ್ರಿಕಾಕೋರ್ ಪಟ್ಟೀಲಿ ಎರಡು ಥರ ಯಾಕಿದೆ?

ಎರಡೂ ಬೇರೆ ಬೇರೆ ವಸ್ತು, ಮಾರೋರು ಬೇಕಂತ್ಲೇ ಕಲಸಿಬಿಡ್ತಾರೆ. ಜರ್ಮನ್ನರು ಟ್ರಿಪೋಲಿಯಲ್ಲಿ ಇಳಿದಿದ್ದು 1941ರ ಫೆಬ್ರವರೀಲಿ. ಅದೇ ವರ್ಷ ಜುಲೈನಲ್ಲಿ "ಆಫ್ರಿಕಾಕೋರ್ಪ್ಸ್" ಅಂತ ಬರೆದ ಪಟ್ಟಿ ಬಂತು, ಇದು ನೇಯ್ದದ್ದು, ನಡುವೆ ಗಾಢ ಹಸಿರು, ಬೆಳ್ಳಿ ಅಕ್ಷರ, ಅಂಚಿಗೆ ಮರಳಿನ ಬಣ್ಣ, ಬಲ ತೋಳಿಗೆ. 1943ರ ಜನವರೀಲಿ ಬಂದಿದ್ದು ಬರೀ "ಆಫ್ರಿಕಾ" ಅಂತ ಇರೋದು, ಅಕ್ಷರದ ಆಚೆ ಈಚೆ ಖರ್ಜೂರದ ಮರ, ಕಂದು ಬಟ್ಟೆ ಮೇಲೆ ಕಸೂತಿ, ಅದು ಪದಕದ ಲೆಕ್ಕ, ಎಡ ತೋಳಿಗೆ. ನೇಯ್ದ "ಆಫ್ರಿಕಾ" ಖರ್ಜೂರದ ಪಟ್ಟಿ ಅಂತ ಯಾರಾದ್ರೂ ತೋರ್ಸಿದ್ರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಹುಲಿ ಇರೋ ಭಾರತದ ಬ್ಯಾಡ್ಜು ಜರ್ಮನ್ ಯೂನಿಫಾರ್ಮ್ ಮೇಲಿತ್ತಂತೆ, ನಿಜಾನಾ?

ನಿಜ. ಅತಿ ಹೆಚ್ಚು ಜನ ಕೇಳೋದೂ ಇದನ್ನೇ, ನಮ್ಮದು ಅನ್ನೋ ಸೆಂಟಿಮೆಂಟ್ ಇದೆಯಲ್ಲ. ಉತ್ತರ ಆಫ್ರಿಕಾದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದು ಶತ್ರುಗಳಿಗೆ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಒಂದಷ್ಟು ಜನರನ್ನ ಸೇರಿಸಿ ಸುಭಾಷ್ ಚಂದ್ರ ಬೋಸ್ ಕಟ್ಟಿಸಿದ ದಳ, ಜರ್ಮನ್ ಲೆಕ್ಕದಲ್ಲಿ 950ನೇ ಇನ್‌ಫೆಂಟ್ರಿ ರೆಜಿಮೆಂಟು. ಡ್ರೆಸ್ಡೆನ್ ಹತ್ರದ ಕ್ಯೋನಿಗ್ಸ್‌ಬ್ರ್ಯೂಕ್‌ನಲ್ಲಿ ಟ್ರೈನಿಂಗ್. ಬೋಸ್ 1943ರ ಫೆಬ್ರವರೀಲಿ ಸಬ್‌ಮರೀನ್ ಹತ್ತಿ ಏಷ್ಯಾ ಕಡೆ ಹೊರಟುಬಿಟ್ರು, ಇವರು ಅಲ್ಲೇ ಉಳಿದ್ರು, ಮೊದಲು ಹಾಲೆಂಡು, ಆಮೇಲೆ ಫ್ರಾನ್ಸಿನ ಸಮುದ್ರ ತೀರ, 1944ರ ಆಗಸ್ಟಲ್ಲಿ ಎಸ್ಎಸ್‌ನ ಸೈನ್ಯ ವಿಭಾಗವಾದ ವಾಫೆನ್ ಎಸ್ಎಸ್‌ಗೆ ವರ್ಗ. ಬಲ ತೋಳಿನ ಮೇಲೆ ಗುರಾಣಿ ಆಕಾರದ ಬ್ಯಾಡ್ಜು, ಕೇಸರಿ ಬಿಳಿ ಹಸಿರು ಪಟ್ಟೆ, ನಡುವೆ ಚರಕದ ಜಾಗದಲ್ಲಿ ಹಾರ್ತಿರೋ ಹುಲಿ, ಮೇಲೆ "ಫ್ರೈಯೆಸ್ ಇಂಡಿಯೆನ್", ಸ್ವತಂತ್ರ ಭಾರತ ಅಂತ. ಆ ಹುಲಿ ನಮ್ಮ ಟಿಪ್ಪುವಿನ ಹುಲಿ ಅನ್ನೋ ಮಾತೂ ಇದೆ.

ಈಗ ಬೇಜಾರಿನ ಸುದ್ದಿ. ದಳ ಸಣ್ಣದು, ಬ್ಯಾಡ್ಜು ಕಮ್ಮಿ, ಬೇಡಿಕೆ ಜಾಸ್ತಿ, ಹಾಗಾಗಿ ಮಾರಾಟಕ್ಕೆ ಬರೋ ಹುಲಿಗಳಲ್ಲಿ ನಕಲಿಯದ್ದೇ ಹಾವಳಿ. ನಂಗೆ ಫೋಟೋ ಬಂದಿರೋ ಹುಲಿಗಳಲ್ಲಿ ಒಂದೂ ನಂಬೋ ಹಾಗಿರ್ಲಿಲ್ಲ, ಒಂದರಲ್ಲಂತೂ ಹುಲಿ ನೋಡಿದ್ರೆ ಬಾಳೆಹಣ್ಣು ತಿಂದು ಜಾರಿ ಬಿದ್ದ ನಾಯಿ ಥರ ಇತ್ತು.

ಹಳೇ ಕೋಟಿಗೇ ಹೊಲಿದಿದ್ರೆ ನಂಬ್ಬಹುದಲ್ವಾ?

ಕೋಟು ಅಸಲಿ ಇರ್ಬಹುದು, ಬ್ಯಾಡ್ಜು ನಿನ್ನೆ ಹೊಲಿದದ್ದಿರ್ಬಹುದು. ಯುದ್ಧ ಆದ ಮೇಲೆ ಎಷ್ಟೋ ಕೋಟಿನ ಹದ್ದು ಕಿತ್ತುಹಾಕಿ ಬಡವರು ಚಳಿಗೆ ಹಾಕ್ಕೊಂಡಿದ್ರು, ಈಗ ಅದಕ್ಕೆ ಮತ್ತೆ ಹದ್ದು ಹಚ್ಚಿದ್ರೆ ರೇಟು ಏರುತ್ತೆ. ಬ್ಯಾಡ್ಜಿನ ಅಂಚು ಸ್ವಲ್ಪ ಎತ್ತಿ ಕೆಳಗಿನ ಬಟ್ಟೆ ನೋಡಿ. ಬಹಳ ದಿನ ಇದ್ದಿದ್ರೆ ಅದರ ಕೆಳಗೆ ಬಣ್ಣ ಮಾಸಿರಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದ್ರೆ ಚೌಕ ಕಾಣುತ್ತಲ್ಲ ಹಾಗೆ. ಕೋಟಲ್ಲಿ ಹುಳ ತಿಂದ ತೂತಿದೆ, ಹೊಲಿಗೆ ಆ ತೂತಿನ ಮೇಲೇ ಹಾದುಹೋಗಿದೆ ಅಂದ್ರೆ ಹುಳ ಮೊದಲು ಬಂತು, ಟೈಲರ್ ಆಮೇಲೆ ಬಂದ.

ಸ್ವಸ್ತಿಕ ನಮ್ಮದು, ಅದಕ್ಕೆ ಯಾಕೆ ಇಷ್ಟು ಗಲಾಟೆ?

ನಮ್ಮನೆ ಹೊಸ್ತಿಲ ಮೇಲಿನ ಸ್ವಸ್ತಿಕಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಿರೋದು ನಮಗೆ. ಪೋಲೆಂಡಲ್ಲೋ ಇಸ್ರೇಲಲ್ಲೋ ಕೂತಿರೋನಿಗೆ ಅದು ಮನೆಮಂದಿಯನ್ನೆಲ್ಲ ಕೊಂದವರ ಗುರುತು. ಜರ್ಮನ್ನರು ಇದಕ್ಕೆ ಹಾಕೆನ್‌ಕ್ರಾಯ್ಟ್ಸ್, ಕೊಕ್ಕೆ ಶಿಲುಬೆ ಅಂತಾರೆ. ಬ್ಯಾಡ್ಜನ್ನ ಡಿಪಿ ಹಾಕ್ಕೊಂಡು "ನಮ್ಮ ಸಂಸ್ಕೃತಿ" ಅನ್ನೋರಿಗೆ ನಾನು ಯಾವ ಸಲಹೇನೂ ಕೊಡಲ್ಲ. ಹಿಟ್ಲರ್ ಫ್ಯಾನುಗಳಿಗೂ ಅಷ್ಟೇ, ಕೇಳ್ಬೇಡಿ. ಎಸ್ಎಸ್ ಯೂನಿಫಾರ್ಮ್ ಹೊಲಿದವರಲ್ಲಿ ರಾವೆನ್ಸ್‌ಬ್ರ್ಯೂಕ್ ಕ್ಯಾಂಪಿನ ಹೆಣ್ಣುಮಕ್ಕಳು ಇದ್ರು, ಕೈದಿಗಳು, ಟೆಕ್ಸ್‌ಲೆಡ್ ಅಂತ ಎಸ್ಎಸ್‌ದೇ ಕಂಪನಿ ಅವರನ್ನ ಮಿಷಿನ್ ಮುಂದೆ ಕೂರಿಸಿತ್ತು. ಹೊಲಿಗೆ ನೋಡ್ವಾಗ ನಂಗೆ ಅದು ನೆನಪಿಗೆ ಬರುತ್ತೆ.

ಯಹೂದಿಗಳ ಹಳದಿ ನಕ್ಷತ್ರ ಮಾರಾಟಕ್ಕಿದೆ, ತಗೊಳ್ಳಾ?

ಬೇಡ. ಅದು ನೇಯ್ದದ್ದಲ್ಲ, ಹಳದಿ ಬಟ್ಟೆ ಮೇಲೆ ಕಪ್ಪು ಪ್ರಿಂಟು. 1941ರ ಸೆಪ್ಟೆಂಬರಲ್ಲಿ ಆದೇಶ ಮಾಡಿ, 6 ವರ್ಷ ತುಂಬಿದ ಮಕ್ಕಳಿಂದ ಹಿಡಿದು ಎಲ್ಲರೂ ಎಡ ಎದೆ ಮೇಲೆ ಹೊಲ್ಕೊಳ್ಳಲೇಬೇಕು ಅಂದ್ರು. ಇದರಲ್ಲೂ ನಕಲಿ ಮಾಡಿ ದುಡ್ಡು ಮಾಡೋರಿದ್ದಾರೆ. ಅಸಲಿ ಆದ್ರೆ ಅದು ಮ್ಯೂಸಿಯಮ್ಮಲ್ಲಿರ್ಬೇಕು, ನಿಮ್ಮ ಶೋಕೇಸಲ್ಲಲ್ಲ.

ಕಾನೂನು ಏನು ಹೇಳುತ್ತೆ?

ಭಾರತದಲ್ಲಿ ಜರ್ಮನಿಯಂಥ ಕಾನೂನು ಇಲ್ಲ. ಜರ್ಮನೀಲಿ ಕ್ರಿಮಿನಲ್ ಕೋಡ್ 86ಎ ಸೆಕ್ಷನ್ ಪ್ರಕಾರ ಈ ಚಿಹ್ನೆ ಸಾರ್ವಜನಿಕವಾಗಿ ತೋರ್ಸಿದ್ರೆ ದಂಡ, ಇಲ್ಲಾ 3 ವರ್ಷದವರೆಗೆ ಜೈಲು, ಓದು ಸಂಶೋಧನೆ ಕಲೆಗೆ ವಿನಾಯಿತಿ ಇದೆ. ಅಲ್ಲಿ ಓದ್ತಿರೋ ನಮ್ಮ ಹುಡುಗರು ತಮಾಷೆಗೂ ಟಿ ಶರ್ಟ್ ಮೇಲೆ ಹಚ್ಕೋಬೇಡಿ. ಆಸ್ಟ್ರಿಯಾದಲ್ಲಿ 1947ರ ಕಾನೂನು ಇನ್ನೂ ಬಿಗಿ. ಈಬೇ 2001ರಲ್ಲೇ ನಾಜಿ ಮಾಲು ಬಂದ್ ಮಾಡ್ತು.

ನಾಟಕಕ್ಕೆ, ಶಾರ್ಟ್ ಫಿಲ್ಮಿಗೆ ನಕಲಿ ತಗೊಂಡ್ರೆ ತಪ್ಪಾ?

ತಪ್ಪೇನಿಲ್ಲ, ಅದಕ್ಕೇ ಮಾಡೋದು. ನಕಲಿ ಅಂತ ಹೇಳಿ ಮಾರೋನ ಮೇಲೆ ನಂಗೆ ಸಿಟ್ಟಿಲ್ಲ. ಐದು ವರ್ಷ ಆದ ಮೇಲೆ ಅದನ್ನೇ ಚಹಾಕ್ಕೆ ಅದ್ದಿ ಮಾರೋ ಮೂರನೇಯವನ ಮೇಲೆ ಸಿಟ್ಟು.

ಫೋಟೋ ಕಳಿಸ್ತೀನಿ, ನೋಡಿ ಹೇಳ್ತೀರಾ?

ಹೇಳ್ತೀನಿ, ಆದ್ರೆ ಮುಂದಿನ ಫೋಟೋ ಒಂದೇ ಕಳಿಸ್ಬೇಡಿ. ಹಿಂದಿನದ್ದು, ಎರಡೂ ಅಂಚಿಂದು ಹತ್ತಿರದಿಂದ, ಹಗಲು ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಫಿಲ್ಟರ್ ಬೇಡ. ತಾತನ ಕಥೇನೂ ಬೇಡ.

ಇಟ್ಕೊಳ್ಳೋದು ಹೇಗೆ?

ಒಗೀಬೇಡಿ, ಇಸ್ತ್ರಿ ಹಾಕ್ಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಆಸಿಡ್ ಇಲ್ಲದ ಕಾಗದದ ನಡುವೆ ಮಡಚದೆ ಚಪ್ಪಟೆಯಾಗಿ, ಕತ್ತಲಲ್ಲಿ, ಮಳೆಗಾಲದಲ್ಲಿ ಸಿಲಿಕಾ ಪೊಟ್ಟಣ ಹಾಕಿ. ನಕಲಿ ಇದ್ರೆ ಅದರ ಹಿಂದೆ ಅಳಿಸದ ಪೆನ್ನಲ್ಲಿ ನಕಲಿ ಅಂತ ಬರೆದುಬಿಡಿ, ನಾಳೆ ನಿಮ್ಮ ಮಕ್ಕಳು ಇನ್ಯಾರಿಗೋ ಮಾರೋ ಹಾಗಾಗಬಾರ್ದು. ನನ್ನ ಪಟ್ಟಿ ಮೇಲೆ ಬರೆದಿದ್ದು ಅಜ್ಜ, ಬಾಲ್ ಪೆನ್ನಲ್ಲಿ, ನಡುಗೋ ಕೈಯಲ್ಲಿ: "ಅಂಚ ಇಲ್ಲ".